ನೂರನೇ ಎಸೆತ

ಅಕ್ಟೋಬರ್ 27. ಈ ಒಂದೇ ತಾರೀಖಿನಲ್ಲಿ, 29 ವರ್ಷಗಳ ಅಂತರದಲ್ಲಿ ನಡೆದ ಎರಡು ಬೇಸ್‌ಬಾಲ್ ಪಂದ್ಯಗಳು ಬಹಳ ದಿನದಿಂದ ನನ್ನ ತಲೆ ಕೊರೆಯುತ್ತಿವೆ. ಬೇಸ್‌ಬಾಲ್ ಬಗ್ಗೆ ಕನ್ನಡದಲ್ಲಿ ಬರೆದರೆ ಯಾರು ಓದ್ತಾರೆ ಅನ್ನಬೇಡಿ, ಕ್ರಿಕೆಟ್ ಗೊತ್ತಿದ್ದರೆ ಸಾಕು, ಮಿಕ್ಕಿದ್ದು ನಾನು ಹೇಳುತ್ತೇನೆ :-)

ಮೊದಲನೆಯದು 1991ರದ್ದು. ಮಿನಿಯಾಪೊಲಿಸ್‌ನಲ್ಲಿ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯ, ಅಂದರೆ ಗೆದ್ದವನಿಗೇ ಕಪ್ಪು. ಮಿನೆಸೋಟ ಟ್ವಿನ್ಸ್ ತಂಡದ ಜ್ಯಾಕ್ ಮಾರಿಸ್‌ಗೆ ಆಗ 36 ವರ್ಷ. ಒಂಬತ್ತು ಇನ್ನಿಂಗ್ಸ್ ಎಸೆದ. ಎರಡೂ ಕಡೆ ಸೊನ್ನೆ. ಹತ್ತನೆಯದಕ್ಕೂ ಅವನೇ ಚೆಂಡು ಹಿಡಿದು ಬಂದ. ಒಟ್ಟು 126 ಎಸೆತ, ಒಂದೂ ರನ್ ಕೊಡಲಿಲ್ಲ. ಟ್ವಿನ್ಸ್ 1-0ಯಿಂದ ಗೆದ್ದಿತು.

ಎರಡನೆಯದು 2020ರದ್ದು. ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯ. ಅದು ನಮಗೆ ಮರುದಿನ ಬೆಳಗ್ಗೆ, ಕಾಫಿ ಹೊತ್ತು. ಟ್ಯಾಂಪಾ ಬೇ ರೇಸ್ ತಂಡದ ಬ್ಲೇಕ್ ಸ್ನೆಲ್ ಎಸೆಯುತ್ತಿದ್ದ. ಐದೂವರೆ ಇನ್ನಿಂಗ್ಸ್‌ನ ಹತ್ತಿರ ಬಂದಿದ್ದ, ಎರಡೇ ಹಿಟ್ ಕೊಟ್ಟಿದ್ದ, ಒಂಬತ್ತು ಜನರನ್ನು ಸ್ಟ್ರೈಕ್‌ಔಟ್ ಮಾಡಿದ್ದ. ಡಾಡ್ಜರ್ಸ್‌ನ ಮೊದಲ ಮೂರು ಬ್ಯಾಟರ್‌ಗಳು ತಲಾ ಎರಡು ಸಲ ಬಂದು ಆರೂ ಸಲ ಸ್ಟ್ರೈಕ್‌ಔಟ್ ಆಗಿ ಹೋಗಿದ್ದರು. ರೇಸ್ 1-0 ಮುಂದಿತ್ತು. ಎಸೆದದ್ದು ಬರೀ 73 ಚೆಂಡು. ಮ್ಯಾನೇಜರ್ ಕೆವಿನ್ ಕ್ಯಾಶ್ ನಡೆದು ಬಂದು ಚೆಂಡು ಕಿತ್ತುಕೊಂಡ. ಮುಂದಿನವನು ನಿಕ್ ಆಂಡರ್ಸನ್. ಬಂದ ಕೂಡಲೇ ಮೂಕಿ ಬೆಟ್ಸ್ ಡಬಲ್ ಹೊಡೆದ, ಒಂದು ಎಸೆತ ಅಡ್ಡಾದಿಡ್ಡಿ ಹೋಯಿತು, ಕೆಲವೇ ನಿಮಿಷದಲ್ಲಿ ಸ್ಕೋರು 2-1. ಡಾಡ್ಜರ್ಸ್ 3-1ರಿಂದ ಪಂದ್ಯ ಗೆದ್ದು, 1988ರ ನಂತರ ಮೊದಲ ಸಲ ಚಾಂಪಿಯನ್ ಆಯಿತು.

ಮಾರಿಸ್‌ಗೆ 126, ಸ್ನೆಲ್‌ಗೆ 73. ಈ ನಡುವೆ ಆಟದಲ್ಲಿ ಏನಾಯಿತು?

ಮೊದಲು ಸ್ವಲ್ಪ ಲೆಕ್ಕ ನೋಡಿ. ಬೇಸ್‌ಬಾಲ್‌ನಲ್ಲಿ ನಮ್ಮ ಹಾಗೆ ಓವರ್ ಮುಗಿದ ಮೇಲೆ ಫೈನ್ ಲೆಗ್‌ಗೆ ಹೋಗಿ ನಿಂತು ಸುಧಾರಿಸಿಕೊಂಡು ಮತ್ತೆ ಬರುವ ಪದ್ಧತಿ ಇಲ್ಲ. ಪಿಚರ್ ಒಬ್ಬನೇ ಎಸೆಯುತ್ತಾ ಹೋಗುತ್ತಾನೆ. ಅವನನ್ನು ತೆಗೆದರೆ ಮುಗಿಯಿತು, ಆ ಪಂದ್ಯಕ್ಕೆ ವಾಪಸ್ ಇಲ್ಲ. ಒಂದು ಇನ್ನಿಂಗ್ಸ್‌ಗೆ ಮೂರು ಔಟ್, ಒಂಬತ್ತು ಇನ್ನಿಂಗ್ಸ್‌ಗೆ 27. ಎದುರು ತಂಡದ ಒಂಬತ್ತು ಬ್ಯಾಟರ್‌ಗಳು ಒಂದೇ ಸರದಿಯಲ್ಲಿ ಸುತ್ತುತ್ತಿರುತ್ತಾರೆ. ಹಾಗಾಗಿ ಯಾರನ್ನೂ ಬೇಸ್‌ಗೆ ಬಿಡದಿದ್ದರೂ ಒಬ್ಬೊಬ್ಬನನ್ನು ಮೂರು ಸಲ ಎದುರಿಸಬೇಕು. ಈಗಿನ ಕಾಲದ ಪಿಚರ್‌ಗೆ ಒಂದು ಇನ್ನಿಂಗ್ಸ್ ಮುಗಿಸಲು ಸಾಮಾನ್ಯವಾಗಿ ಹದಿನೈದು ಹದಿನಾರು ಎಸೆತ ಬೇಕು. ನೂರರ ಗಡಿ ಹಾಕಿದರೆ ಆರು ಇನ್ನಿಂಗ್ಸ್ ಮುಗಿಯುವಷ್ಟರಲ್ಲಿ ಅವನ ಖಾತೆ ಖಾಲಿ. ಒಂಬತ್ತೂ ಮುಗಿಸಬೇಕೆಂದರೆ ಇನ್ನಿಂಗ್ಸ್‌ಗೆ ಹನ್ನೊಂದರಲ್ಲಿ ಸಂಸಾರ ನಡೆಸಬೇಕು.

ಹಿಂದಿನವರಿಗೆ ಈ ಖಾತೆಯೇ ಇರಲಿಲ್ಲ. 1884ರಲ್ಲಿ ಪ್ರಾವಿಡೆನ್ಸ್ ಗ್ರೇಸ್‌ನ ಚಾರ್ಲ್ಸ್ ರ‍್ಯಾಡ್‌ಬರ್ನ್ ಒಂದೇ ಸೀಸನ್‌ನಲ್ಲಿ 678 ಇನ್ನಿಂಗ್ಸ್ ಎಸೆದ. ಶುರು ಮಾಡಿದ್ದು 73 ಪಂದ್ಯ, ಮುಗಿಸಿದ್ದೂ 73. ಆ ವರ್ಷ ಬೆಳಗ್ಗೆ ತಲೆ ಬಾಚಿಕೊಳ್ಳಲು ಕೈ ಎತ್ತಲಾಗುತ್ತಿರಲಿಲ್ಲ ಅಂತ ಅವನ ಬಗ್ಗೆ ಒಂದು ಕತೆಯೇ ಇದೆ. ಆಗ ಎಸೆಯುವ ದೂರ ಬರೀ 50 ಅಡಿ, 1893ರಲ್ಲಿ ಅದು 60 ಅಡಿ 6 ಅಂಗುಲವಾಯಿತು. ಸೇಂಟ್ ಲೂಯಿಸ್‌ನ ಜ್ಯಾಕ್ ಟೇಲರ್ 1904ರಲ್ಲಿ 39 ಪಂದ್ಯ ಶುರು ಮಾಡಿ 39ನ್ನೂ ತಾನೇ ಮುಗಿಸಿದ. 1901ರಿಂದ 1906ರವರೆಗೆ ಸತತ 187 ಪಂದ್ಯ ಹೀಗೇ. ಇನ್ನು 1920ರ ಮೇ 1ರಂದು ಬಾಸ್ಟನ್‌ನಲ್ಲಿ ಲಿಯಾನ್ ಕ್ಯಾಡೋರ್ ಮತ್ತು ಜೋ ಓಶ್ಗರ್ ಎದುರುಬದುರು ನಿಂತು 26 ಇನ್ನಿಂಗ್ಸ್ ಎಸೆದರು. ಇಬ್ಬರೂ! ಸ್ಕೋರು 1-1. ಕತ್ತಲಾಯಿತು ಅಂತ ಪಂದ್ಯ ನಿಲ್ಲಿಸಿದರು. ಇಷ್ಟಕ್ಕೂ ಆಟ ನಾಲ್ಕು ಗಂಟೆಯೂ ತೆಗೆದುಕೊಳ್ಳಲಿಲ್ಲ.

ಆ ಕಾಲದ ಜನ ಉಕ್ಕಿನವರು, ಈಗಿನವರು ಬೆಣ್ಣೆಯವರು ಅಂತ ಹಳಬರು ಹೇಳುವುದುಂಟು. ನಾನು ಒಪ್ಪುವುದಿಲ್ಲ. ಅವರು ಪ್ರತಿ ಚೆಂಡನ್ನೂ ಜೀವ ಹೋಗುವ ಹಾಗೆ ಎಸೆಯುತ್ತಿರಲಿಲ್ಲ, ಅಷ್ಟೆ. ಚೆಂಡು ಮೆತ್ತಗಿತ್ತು, ಹೋಂ ರನ್ ಅಪರೂಪ, ಹೊಡೆದರೆ ಹೊಡೆಯಲಿ ಫೀಲ್ಡರ್‌ಗಳಿದ್ದಾರೆ ಅನ್ನುವ ಧೈರ್ಯ. ಕ್ರಿಸ್ಟಿ ಮ್ಯಾಥ್ಯೂಸನ್ ಎಂಬ ಮಹಾನ್ ಪಿಚರ್ 1912ರಲ್ಲಿ ಬಂದ ತನ್ನ ಪುಸ್ತಕಕ್ಕೆ 'ಪಿಚಿಂಗ್ ಇನ್ ಎ ಪಿಂಚ್' ಅಂತ ಹೆಸರಿಟ್ಟ. ಪಿಂಚ್ ಅಂದರೆ ಇಕ್ಕಟ್ಟಿನ ಗಳಿಗೆ. ಒಳ್ಳೆಯ ಎಸೆತಗಳನ್ನು ಆ ಗಳಿಗೆಗೆ ಕಾದಿಟ್ಟುಕೊಳ್ಳಬೇಕು, ಮಿಕ್ಕ ಹೊತ್ತು ಕೈ ಉಳಿಸಿಕೊಳ್ಳಬೇಕು ಅನ್ನುವುದು ಆಗಿನವರ ಜಾಣತನ.

ಈ ಜಾಣತನದ ಪರಾಕಾಷ್ಠೆ ನೋಡಬೇಕೆಂದರೆ 1944ರ ಆಗಸ್ಟ್ 10ಕ್ಕೆ ಹೋಗಬೇಕು. ಬಾಸ್ಟನ್ ಬ್ರೇವ್ಸ್‌ನ ರೆಡ್ ಬ್ಯಾರೆಟ್ ಸಿನ್ಸಿನಾಟಿ ವಿರುದ್ಧ ಒಂಬತ್ತು ಇನ್ನಿಂಗ್ಸ್ ಮುಗಿಸಿದ್ದು 58 ಎಸೆತಗಳಲ್ಲಿ. 27 ಔಟ್‌ಗೆ 58 ಎಸೆತ, ಒಂದೂಕಾಲು ಗಂಟೆಯಲ್ಲಿ ಎಲ್ಲರೂ ಮನೆಗೆ. ಗುಟ್ಟು ಸರಳ. ಒಬ್ಬನನ್ನು ಸ್ಟ್ರೈಕ್‌ಔಟ್ ಮಾಡಲು ಕನಿಷ್ಠ ಮೂರು ಎಸೆತ ಬೇಕೇ ಬೇಕು, ಸಾಮಾನ್ಯವಾಗಿ ಐದಾರು. ಅದೇ ಮೊದಲ ಚೆಂಡನ್ನೇ ಅವನು ಆಸೆಪಟ್ಟು ಕೆಟ್ಟದಾಗಿ ಹೊಡೆದು ಫೀಲ್ಡರ್ ಕೈಗೆ ಕೊಟ್ಟರೆ ಒಂದೇ ಎಸೆತ. ನಮ್ಮ ಕಾಲದಲ್ಲಿ ಈ ವಿದ್ಯೆಯ ಪಂಡಿತ ಅಂದರೆ ಗ್ರೆಗ್ ಮ್ಯಾಡಕ್ಸ್. ನೋಡಲು ಬ್ಯಾಂಕ್ ಗುಮಾಸ್ತನ ಹಾಗೆ, ವೇಗ ಹೇಳಿಕೊಳ್ಳುವಂಥದ್ದಲ್ಲ, ಗೆದ್ದದ್ದು 355 ಪಂದ್ಯ. 1997ರ ಜುಲೈ 22ರಂದು ಶಿಕಾಗೊ ಕಬ್ಸ್ ವಿರುದ್ಧ ಎಂಬತ್ತಕ್ಕಿಂತ ಕಡಿಮೆ ಎಸೆತದಲ್ಲಿ ಇಡೀ ಪಂದ್ಯ ಮುಗಿಸಿದ. ನೂರರೊಳಗೆ ಎಸೆದು ರನ್ನೇ ಕೊಡದೆ ಪಂದ್ಯ ಮುಗಿಸಿದರೆ ಅದಕ್ಕೆ ಈಗ 'ಮ್ಯಾಡಕ್ಸ್' ಅಂತಲೇ ಹೆಸರು.

ಇದರ ತದ್ವಿರುದ್ಧ ನೋಲನ್ ರಯನ್. ಬರೀ ಬೆಂಕಿ. ವೃತ್ತಿಯಲ್ಲಿ 5714 ಸ್ಟ್ರೈಕ್‌ಔಟ್, ಅದೂ ದಾಖಲೆ. 2795 ವಾಕ್, ಅದೂ ದಾಖಲೆ. 1974ರ ಜೂನ್ 14ರಂದು 13 ಇನ್ನಿಂಗ್ಸ್‌ನಲ್ಲಿ 235 ಎಸೆತ ಎಸೆದ. ಹೀಗೆ ದುಂದುವೆಚ್ಚ ಮಾಡಿದವನ ಕೈ ಬೇಗ ಹೋಗಬೇಕಿತ್ತಲ್ಲವೇ? 46ನೇ ವಯಸ್ಸಿನವರೆಗೆ, 1993ರವರೆಗೆ ಆಡಿದ. ಎಸೆತ ಎಣಿಸುವುದು ದಂಡ ಅನ್ನುವವರೆಲ್ಲ ಇವತ್ತಿಗೂ ತೋರಿಸುವುದು ರಯನ್‌ನನ್ನೇ. ಬೀಡಿ ಸೇದಿಯೂ ತೊಂಬತ್ತು ಬದುಕಿದ ಅಜ್ಜನನ್ನು ತೋರಿಸಿದ ಹಾಗೆ.

ಯಾಕೆಂದರೆ ಇನ್ನೊಂದು ಕಡೆ ಉದ್ದದ ಪಟ್ಟಿ ಇದೆ. ಸ್ಯಾಂಡಿ ಕೋಫ್ಯಾಕ್ಸ್ 1966ರಲ್ಲಿ 323 ಇನ್ನಿಂಗ್ಸ್ ಎಸೆದು, 27 ಪಂದ್ಯ ಗೆದ್ದು, ತನ್ನ ಅತ್ಯುತ್ತಮ ವರ್ಷಗಳಲ್ಲೊಂದನ್ನು ಮುಗಿಸಿ ನಿವೃತ್ತನಾದ. ವಯಸ್ಸು 30! ಮೊಣಕೈಯಲ್ಲಿ ಸಂಧಿವಾತ. 1980ರಲ್ಲಿ ಬಿಲ್ಲಿ ಮಾರ್ಟಿನ್ ಓಕ್ಲಂಡ್ ತಂಡದ ಐದು ಜನ ಹುಡುಗರ ಕೈಯಲ್ಲಿ 93 ಪಂದ್ಯಗಳನ್ನು ಪೂರ್ತಿ ಮಾಡಿಸಿದ, ರಿಕ್ ಲ್ಯಾಂಗ್‌ಫರ್ಡ್ ಒಬ್ಬನದೇ 28. ಕೆಲವೇ ವರ್ಷಗಳಲ್ಲಿ ಆ ಐವರಲ್ಲಿ ಯಾರೂ ಹಳೆಯ ಪಿಚರ್ ಆಗಿ ಉಳಿಯಲಿಲ್ಲ. 1974ರಲ್ಲಿ ಟಾಮಿ ಜಾನ್‌ನ ಎಡ ಮೊಣಕೈಯ ಲಿಗಮೆಂಟ್ ಹರಿದಾಗ ಡಾ. ಫ್ರ್ಯಾಂಕ್ ಜೋಬ್ ಅವನ ಬಲಗೈಯಿಂದ ಸ್ನಾಯುರಜ್ಜು ತೆಗೆದು ಅಲ್ಲಿ ಕಟ್ಟಿದರು. ಅದಕ್ಕೂ ಮುಂಚೆ ಆ ಗಾಯ ಅಂದರೆ ಊರಿಗೆ ಗಂಟುಮೂಟೆ. ಜಾನ್ 1976ರಲ್ಲಿ ವಾಪಸ್ ಬಂದು, ಇನ್ನೂ 164 ಪಂದ್ಯ ಗೆದ್ದ. ಶಸ್ತ್ರಚಿಕಿತ್ಸೆಗೆ ಅವನ ಹೆಸರೇ ನಿಂತಿತು.

ಎಣಿಕೆ ಗಟ್ಟಿಯಾದದ್ದು ಆಮೇಲೆ. 1988ರಿಂದ ಪ್ರತಿ ಪಂದ್ಯದ ಎಸೆತದ ಲೆಕ್ಕ ವ್ಯವಸ್ಥಿತವಾಗಿ ಸಿಗತೊಡಗಿತು. 1998ರಲ್ಲಿ ರ‍್ಯಾನಿ ಜಝಯೆರ್ಲಿ ಎಂಬಾತ 'ಪಿಚರ್ ಅಬ್ಯೂಸ್ ಪಾಯಿಂಟ್ಸ್' ಅಂತ ಒಂದು ಲೆಕ್ಕ ಶುರು ಮಾಡಿದ: ನೂರು ದಾಟಿದ ಪ್ರತಿ ಎಸೆತಕ್ಕೂ ಏರುತ್ತಾ ಹೋಗುವ ದಂಡ. ಅದೇ ವರ್ಷ ಮೇ ತಿಂಗಳಲ್ಲಿ ಕಬ್ಸ್‌ನ 20 ವರ್ಷದ ಹುಡುಗ ಕೆರಿ ವುಡ್ 122 ಎಸೆತದಲ್ಲಿ 20 ಜನರನ್ನು ಸ್ಟ್ರೈಕ್‌ಔಟ್ ಮಾಡಿ ದೇಶವನ್ನೇ ಕುಣಿಸಿದ. ಮುಂದಿನ ವರ್ಷ ಅವನಿಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ. ನೂರು ಅನ್ನುವುದು ಹೀಗೆ ತಲೆಯಲ್ಲಿ ಕೂತುಬಿಟ್ಟಿತು. ನನ್ನ ಮಟ್ಟಿಗೆ ಅದರಲ್ಲಿ ವೈದ್ಯಶಾಸ್ತ್ರಕ್ಕಿಂತ ನಮ್ಮ ಹತ್ತು ಬೆರಳುಗಳ ಪಾಲೇ ಹೆಚ್ಚು. 97ಕ್ಕೆ ಸರಿಯಿದ್ದ ಮೊಣಕೈ 101ಕ್ಕೆ ಹರಿಯುತ್ತದೆಯೇ? ಆದರೂ ಗಡಿಯೊಂದು ಬೇಕಿತ್ತು. ಗಡಿ ಇದ್ದಾಗ ಒಂದು ನ್ಯಾಯವೂ ಇತ್ತು: ಮಿತವಾಗಿ ಖರ್ಚು ಮಾಡಿದವನಿಗೆ ಹೆಚ್ಚು ಹೊತ್ತು ಆಡುವ ಹಕ್ಕು. ಮ್ಯಾಡಕ್ಸ್‌ನ ಒಂಬತ್ತನೇ ಇನ್ನಿಂಗ್ಸ್ ಅವನೇ ಉಳಿಸಿಟ್ಟ ದುಡ್ಡಿನಿಂದ ಕೊಂಡದ್ದು.

ಈ ನ್ಯಾಯ ಮುರಿದದ್ದು ಹೇಗೆ ಅನ್ನುವುದೇ ನನಗೆ ಕುತೂಹಲ. 2003ರ ಅಕ್ಟೋಬರ್ 16, ಯಾಂಕಿ ಸ್ಟೇಡಿಯಂ. ಬಾಸ್ಟನ್ ರೆಡ್ ಸಾಕ್ಸ್ ಎಂಟನೇ ಇನ್ನಿಂಗ್ಸ್‌ನಲ್ಲಿ 5-2 ಮುಂದೆ. ಪೆಡ್ರೋ ಮಾರ್ಟಿನೆಜ್ ನೂರು ದಾಟಿದ್ದ, ಚೆಂಡುಗಳು ಬ್ಯಾಟಿನ ನಡುವಿಗೆ ಸಿಗುತ್ತಿದ್ದವು. ಮ್ಯಾನೇಜರ್ ಗ್ರೇಡಿ ಲಿಟಲ್ ಹತ್ತಿರ ಹೋಗಿ ಮಾತಾಡಿಸಿ, ಬಿಟ್ಟು ವಾಪಸ್ ಬಂದ. ಪೆಡ್ರೋ 123 ಎಸೆತ ಮುಗಿಸುವಷ್ಟರಲ್ಲಿ 5-5. ಹನ್ನೊಂದನೇ ಇನ್ನಿಂಗ್ಸ್‌ನಲ್ಲಿ ಬಾಸ್ಟನ್ ಸೋತಿತು, ಲಿಟಲ್ ಕೆಲಸ ಹೋಯಿತು. ಆಮೇಲಿನ ಮ್ಯಾನೇಜರ್‌ಗಳು ಕಲಿತ ಪಾಠ ಒಂದೇ: ಬೇಗ ತೆಗೆದು ಸೋತರೆ ಕ್ಷಮೆ ಉಂಟು, ಬಿಟ್ಟು ಸೋತರೆ ಇಲ್ಲ.

ಅದರ ಮೇಲೆ ಅಂಕಿಅಂಶದವರು ಇನ್ನೊಂದು ಕಂಡುಹಿಡಿದರು. ಟಾಮ್ ಟ್ಯಾಂಗೊ ಮತ್ತು ಇಬ್ಬರು ಸಂಗಡಿಗರು ಬರೆದ 'ದ ಬುಕ್' ಎಂಬ ಪುಸ್ತಕ ಇದನ್ನು ಜನಪ್ರಿಯ ಮಾಡಿತು. ಒಂದೇ ಪಿಚರ್‌ನನ್ನು ಮೂರನೇ ಸಲ ಎದುರಿಸುವಾಗ ಬ್ಯಾಟರ್‌ಗಳು ಗಮನಾರ್ಹವಾಗಿ ಚೆನ್ನಾಗಿ ಹೊಡೆಯುತ್ತಾರೆ. ಇದು ಬರೀ ಆಯಾಸವಲ್ಲ, ಪರಿಚಯ. ಅಂದಮೇಲೆ ಎಷ್ಟು ಎಸೆದಿದ್ದಾನೆ ಅನ್ನುವುದು ಮುಖ್ಯವೇ ಅಲ್ಲ, ಎಷ್ಟನೇ ಸುತ್ತು ಅನ್ನುವುದು ಮುಖ್ಯ. ಮಿತವ್ಯಯದ ಬೆಲೆ ಅಲ್ಲಿಗೆ ಬಿದ್ದುಹೋಯಿತು. ಸ್ನೆಲ್ 73 ಎಸೆದಿದ್ದರೂ ಒಂದೇ, 53 ಎಸೆದಿದ್ದರೂ ಒಂದೇ, ಬೆಟ್ಸ್ ಮೂರನೇ ಸಲ ಬರುತ್ತಿದ್ದನಲ್ಲ!

ಕ್ಯಾಶ್‌ನ ಪರವಾಗಿ ಹೇಳಬೇಕಾದದ್ದು ಇದೆ. ಸ್ನೆಲ್ ಆ ವರ್ಷ ಒಂದು ಪಂದ್ಯದಲ್ಲೂ ಆರು ಇನ್ನಿಂಗ್ಸ್ ಪೂರ್ತಿ ಮಾಡಿರಲಿಲ್ಲ. ಅದೇ ಸೂತ್ರ ಹಿಡಿದೇ ಕಡಿಮೆ ದುಡ್ಡಿನ ತಂಡವೊಂದು ಅಲ್ಲಿಯವರೆಗೆ ಬಂದಿತ್ತು. ಕೆಲವು ದಿನದಲ್ಲಿ ಕ್ಯಾಶ್‌ಗೆ ವರ್ಷದ ಮ್ಯಾನೇಜರ್ ಪ್ರಶಸ್ತಿಯೂ ಬಂತು. ಆದರೂ ತಪ್ಪು ಅಂತಲೇ ನನ್ನ ವಾದ. ಸೂತ್ರ ಹೇಳುವುದು ಸಾವಿರಾರು ಪಂದ್ಯಗಳ ಸರಾಸರಿ. ಆ ದಿನ ಕೇಳಬೇಕಿದ್ದ ಪ್ರಶ್ನೆ, ಮೂರನೇ ಸುತ್ತಿನ ಸ್ನೆಲ್ ಮೇಲೋ, ಮೊದಲ ಸುತ್ತಿನ ಆಂಡರ್ಸನ್ ಮೇಲೋ ಅನ್ನುವುದು. ಆಂಡರ್ಸನ್ ಅದಕ್ಕೂ ಹಿಂದಿನ ಹಲವು ಪಂದ್ಯಗಳಲ್ಲಿ ಸತತವಾಗಿ ರನ್ ಕೊಟ್ಟೇ ಬಂದಿದ್ದವನು. ಅನಿಲ್ ಕುಂಬ್ಳೆ 1999ರಲ್ಲಿ ದೆಹಲಿಯಲ್ಲಿ ಹತ್ತು ವಿಕೆಟ್ ತೆಗೆದದ್ದು 26.3 ಓವರ್‌ನಲ್ಲಿ, ಅಂದರೆ 159 ಎಸೆತ. ಸ್ಪಿನ್ನರ್‌ನ ಕೈಗೂ ಪಿಚರ್‌ನ ಕೈಗೂ ಹೋಲಿಕೆ ಇಲ್ಲ ಬಿಡಿ. ಆದರೆ ಆ ದಿನ ಯಾವ ನಾಯಕನೂ ಸರಾಸರಿ ನೋಡಿ ಚೆಂಡು ಕಿತ್ತುಕೊಳ್ಳುತ್ತಿರಲಿಲ್ಲ.

ಇಷ್ಟೆಲ್ಲ ಮಾಡಿ ಮೊಣಕೈಗಳಾದರೂ ಉಳಿದವೇ? ಅದೂ ಇಲ್ಲ. ಆರು ಇನ್ನಿಂಗ್ಸ್‌ನೊಳಗೆ ಮುಗಿಯುತ್ತದೆ ಅಂತ ಗೊತ್ತಿದ್ದರೆ ಯಾರು ಕಾದಿಟ್ಟುಕೊಳ್ಳುತ್ತಾರೆ? ಪ್ರತಿ ಚೆಂಡೂ ಪೂರ್ತಿ ಬಲದಲ್ಲಿ. ಫಾಸ್ಟ್‌ಬಾಲ್‌ನ ಸರಾಸರಿ ವೇಗ 2024ರ ಹೊತ್ತಿಗೆ ಗಂಟೆಗೆ 94 ಮೈಲಿ ದಾಟಿತ್ತು, ಅಂದರೆ 151 ಕಿ.ಮೀ. ಆ ವರ್ಷದ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ತಾನೇ ಹೊರತಂದ ವರದಿ, ಗಾಯಗಳು ಹೆಚ್ಚಿದ್ದಕ್ಕೆ ಬೆರಳು ಮಾಡಿದ್ದು ಇದೇ ವೇಗದ ಬೆನ್ನಟ್ಟುವಿಕೆಯ ಕಡೆಗೆ. ಹಾಗಂತ ಹೆಚ್ಚು ಎಸೆಯಿರಿ ಅನ್ನುವುದೂ ಸುಲಭವಲ್ಲ. 2022ರಲ್ಲಿ ಸ್ಯಾಂಡಿ ಅಲ್ಕಾಂಟರ ಹಳೆಯ ಕಾಲದವರ ಹಾಗೆ 228 ಇನ್ನಿಂಗ್ಸ್ ಎಸೆದು, ಆರು ಪಂದ್ಯ ಪೂರ್ತಿ ಮುಗಿಸಿ ಎಲ್ಲರ ಕಣ್ಮಣಿಯಾದ. ಮುಂದಿನ ವರ್ಷ ಅವನ ಮೊಣಕೈಗೂ ಕತ್ತಿ ಬಿತ್ತು.

ಸ್ನೆಲ್‌ನ ಕತೆ ಮುಗಿಯಲಿಲ್ಲ. 2024ರ ಆಗಸ್ಟ್ 2ರಂದು, ವೃತ್ತಿಜೀವನದಲ್ಲಿ ಮೊದಲ ಸಲ ಒಂಬತ್ತನೇ ಇನ್ನಿಂಗ್ಸ್ ಎಸೆದ. 114 ಎಸೆತ, ಒಂದೂ ಹಿಟ್ ಇಲ್ಲ. 2025ರಲ್ಲಿ ಅದೇ ಡಾಡ್ಜರ್ಸ್ ಪರ ಆಡಿದ. ಅಲ್ಲಿಯ ಮ್ಯಾನೇಜರ್ ಡೇವ್ ರಾಬರ್ಟ್ಸ್, 2022ರ ಏಪ್ರಿಲ್‌ನಲ್ಲಿ ಏಳು ಇನ್ನಿಂಗ್ಸ್ ಒಬ್ಬನನ್ನೂ ಬೇಸ್‌ಗೆ ಬಿಡದೆ ಎಸೆಯುತ್ತಿದ್ದ ಕ್ಲೇಟನ್ ಕರ್ಶಾನನ್ನು 80 ಎಸೆತಕ್ಕೇ ಕೂರಿಸಿದವನು. ಅಕ್ಟೋಬರ್ 13ರಂದು ಮಿಲ್ವಾಕಿಯಲ್ಲಿ ಸ್ನೆಲ್ ಎಂಟು ಇನ್ನಿಂಗ್ಸ್‌ನಲ್ಲಿ ಒಂದೇ ಹಿಟ್ ಕೊಟ್ಟಿದ್ದ, 103 ಎಸೆತವಾಗಿತ್ತು. ರಾಬರ್ಟ್ಸ್ ಮತ್ತೆ ತೆಗೆದ, ಬುಲ್‌ಪೆನ್‌ನವರು ಒಂಬತ್ತನೆಯದರಲ್ಲಿ ಕೈತಪ್ಪಿಸುವುದರಲ್ಲಿದ್ದರು, 2-1ರಲ್ಲಿ ಹೇಗೋ ಉಳಿಯಿತು. ಮರುದಿನ ಯೋಶಿನೋಬು ಯಮಮೊಟೊ ಎಂಟು ಇನ್ನಿಂಗ್ಸ್ ಮುಗಿಸಿ ಬಂದು ಕೂತಾಗ ರಾಬರ್ಟ್ಸ್ ಬುಲ್‌ಪೆನ್ ಕಡೆ ನೋಡಲಿಲ್ಲ. ಒಂಬತ್ತನೆಯದನ್ನೂ ಯಮಮೊಟೊನೇ ಎಸೆದ, 111 ಎಸೆತ. ಹನ್ನೊಂದು ದಿನದ ನಂತರ ವರ್ಲ್ಡ್ ಸೀರೀಸ್‌ನಲ್ಲಿ, ಟೊರಾಂಟೊದಲ್ಲಿ, ಮತ್ತೆ ಒಂಬತ್ತೂ ಇನ್ನಿಂಗ್ಸ್. ಈ ಸಲ 105 ಎಸೆತ, ಕೊನೆಯ ಇಪ್ಪತ್ತು ಬ್ಯಾಟರ್‌ಗಳು ಸಾಲಾಗಿ ಔಟ್. ಅವರಲ್ಲಿ ಹೆಚ್ಚಿನವರು ಅವನನ್ನು ಆ ರಾತ್ರಿ ಮೂರನೇ ಸಲವೋ ನಾಲ್ಕನೇ ಸಲವೋ ನೋಡುತ್ತಿದ್ದರು.