ಗುರುತಿಸದ ಹಾರ್ಡ್ ಡಿಸ್ಕ್‌ನಿಂದ ಗಣಕಯಂತ್ರಕ್ಕೆ ಚಾಲನೆ

ಹಳೆಯ ಗಣಕಯಂತ್ರಕ್ಕೆ ಹೊಸ ಹಾರ್ಡ್ ಡಿಸ್ಕ್ ಅಳವಡಿಸಿ ಗುಂಡಿ ಒತ್ತಿದಾಗ, ಚಾಲನಾ ಡಿಸ್ಕ್ ಸಿಗಲಿಲ್ಲವೆಂಬ ಸಂದೇಶ ಪರದೆಯ ಮೇಲೆ ಮೂಡುವುದುಂಟು. ಇಂತಹ ಸಂದರ್ಭದಲ್ಲಿ ಡಿಸ್ಕ್ ಅಥವಾ ಗಣಕ ಕೆಟ್ಟಿದೆಯೆಂದು ಕೂಡಲೇ ತೀರ್ಮಾನಿಸುವುದು ಸರಿಯಲ್ಲ. ಹಲವು ವೇಳೆ ಎರಡೂ ಸುಸ್ಥಿತಿಯಲ್ಲಿದ್ದು, ಗಣಕವನ್ನು ಮೊದಲು ಎಚ್ಚರಿಸುವ ತಂತ್ರಾಂಶಕ್ಕೆ ಹೊಸ ಡಿಸ್ಕ್‌ನ ಪರಿಚಯ ಇರುವುದಿಲ್ಲ, ಅಷ್ಟೇ.

ಧಾರವಾಡ ಜಿಲ್ಲೆಯ ಕಲಘಟಗಿಯಂತಹ ತಾಲ್ಲೂಕು ಕೇಂದ್ರಗಳಿಗೆ ಈ ವಿಷಯ ಹೆಚ್ಚು ಅನ್ವಯಿಸುತ್ತದೆ. ರಾಜ್ಯದ 177 ತಾಲ್ಲೂಕುಗಳ ಪಹಣಿಗಳನ್ನು, ಅಂದರೆ ಈ ಭಾಗದ ರೈತರ ಮಾತಿನ 'ಉತಾರ'ಗಳನ್ನು, ಗಣಕೀಕರಿಸಿದ 'ಭೂಮಿ' ಯೋಜನೆಯ ಮೂಲಕ 2000ದ ದಶಕದ ಆರಂಭದಲ್ಲೇ ತಾಲ್ಲೂಕು ಕಚೇರಿಗಳಲ್ಲಿ ಗಣಕದ ಬಳಕೆ ಬೇರೂರಿತು. ಮುಂದೆ ಶಾಲೆ, ಸಹಕಾರ ಸಂಘ, ಡಿಟಿಪಿ ಅಂಗಡಿಗಳಿಗೂ ಅದು ಹರಡಿತು. ಇಂತಹ ಕಡೆಗಳಲ್ಲಿ ಗಣಕವನ್ನು ಕೆಡುವವರೆಗೂ ಬಳಸುವುದೇ ರೂಢಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡ ನಂತರ, ಹಳೆಯ ಯಂತ್ರವನ್ನು ಎಸೆಯಬೇಕೇ, ಹೊಸ ಡಿಸ್ಕ್ ಹಾಕಿ ಉಳಿಸಿಕೊಳ್ಳಬೇಕೇ ಎಂಬ ಪ್ರಶ್ನೆ ಎದ್ದಿದೆ.

ಚಾಲನೆಯ ಹಂತಗಳು

ವಿದ್ಯುತ್ ಹರಿದೊಡನೆ ಗಣಕದಲ್ಲಿ ಮೊದಲು ಎಚ್ಚರಗೊಳ್ಳುವುದು ಮದರ್‌ಬೋರ್ಡ್‌ನ ಚಿಪ್‌ನಲ್ಲಿರುವ ಪುಟ್ಟ ತಂತ್ರಾಂಶ. ಹಳೆಯ ಯಂತ್ರಗಳಲ್ಲಿ ಇದನ್ನು ಬಯೋಸ್ ಎಂದೂ ಹೊಸತರಲ್ಲಿ ಯುಇಎಫ್‌ಐ ಎಂದೂ ಕರೆಯುತ್ತಾರೆ. ಇದು ತನಗೆ ಗೊತ್ತಿರುವ ಡಿಸ್ಕ್‌ಗಳಲ್ಲಿ ಬೂಟ್ ಲೋಡರ್ ಅನ್ನು ಹುಡುಕಿ ಓಡಿಸುತ್ತದೆ. ಬೂಟ್ ಲೋಡರ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್ ಅನ್ನು ಸ್ಮೃತಿಗೆ ತರುತ್ತದೆ. ಕರ್ನೆಲ್ ತನ್ನದೇ ಚಾಲಕ ತಂತ್ರಾಂಶಗಳ, ಅಂದರೆ ಡ್ರೈವರ್‌ಗಳ, ನೆರವಿನಿಂದ ಡಿಸ್ಕ್‌ಗಳನ್ನು ಓದತೊಡಗಿದ ಮೇಲೆ ಬಯೋಸ್‌ನ ಹಂಗು ಇರುವುದಿಲ್ಲ. ಆದ್ದರಿಂದ ಆರಂಭದ ಕಡತಗಳನ್ನಷ್ಟೇ ಬಯೋಸ್ ಬಲ್ಲ ಡಿಸ್ಕ್‌ನಲ್ಲಿಟ್ಟರೆ, ಉಳಿದ ಇಡೀ ವ್ಯವಸ್ಥೆ ಅದು ಅರಿಯದ ಡಿಸ್ಕ್‌ನಲ್ಲಿ ಇರಬಹುದು.

ಹಳೆಯ ಮಿತಿಗಳು

ಈ ತೊಡಕು ಹೊಸದಲ್ಲ. 1990ರ ದಶಕದಲ್ಲಿ ಬಯೋಸ್‌ಗಳು ಮೊದಲು 528 ಮೆಗಾಬೈಟ್, ಆನಂತರ 8.4 ಗಿಗಾಬೈಟ್‌ಗಿಂತ ಆಚೆಗೆ ನೋಡಲಾರದೆ ಹೋದವು. ವಿಳಾಸಕ್ಕೆ 28 ಬಿಟ್ ಮಾತ್ರ ಬಳಸುತ್ತಿದ್ದ ಐಡಿಇ ಡಿಸ್ಕ್‌ಗಳ ಮಿತಿ 137 ಗಿಗಾಬೈಟ್ ಆಗಿತ್ತು. ವಿಂಡೋಸ್ ಎಕ್ಸ್‌ಪಿ ಈ ಗಡಿ ದಾಟಿದ್ದು 2002ರ ಮೊದಲ ಸರ್ವೀಸ್ ಪ್ಯಾಕ್‌ನೊಂದಿಗೆ. ಎಂಬಿಆರ್ ವಿಭಜನಾ ಪಟ್ಟಿಯ ಮಿತಿ ಸುಮಾರು 2.2 ಟೆರಾಬೈಟ್. ಅದಕ್ಕಿಂತ ದೊಡ್ಡ ಡಿಸ್ಕ್‌ಗೆ ಜಿಪಿಟಿ ಪಟ್ಟಿ ಬೇಕು. ಜಿಪಿಟಿ ಡಿಸ್ಕ್‌ನಿಂದ ವಿಂಡೋಸ್ ಆರಂಭವಾಗಲು ಯುಇಎಫ್‌ಐ ಕಡ್ಡಾಯ. ಅಂದು ಲಿನಕ್ಸ್ ಬಳಕೆದಾರರು ಡಿಸ್ಕ್‌ನ ಆರಂಭದಲ್ಲೇ ಬಯೋಸ್‌ನ ಕೈಗೆಟುಕುವಷ್ಟರೊಳಗೆ ಚಿಕ್ಕ ಬೂಟ್ ವಿಭಾಗವೊಂದನ್ನು ರಚಿಸಿ ಪಾರಾಗುತ್ತಿದ್ದರು. ಇಂದಿನ ಪರಿಹಾರದ ಮೂಲವೂ ಅದೇ.

ಇಂದಿನ ತೊಡಕು

ಇತ್ತೀಚಿನ ತೊಂದರೆ ಗಾತ್ರದ್ದಲ್ಲ, ಭಾಷೆಯದು. 2011ರಲ್ಲಿ ಮೊದಲ ಆವೃತ್ತಿ ಪ್ರಕಟವಾದ ಎನ್‌ವಿಎಂಇ ಮಾನದಂಡವನ್ನು ಅನುಸರಿಸುವ ಎಸ್‌ಎಸ್‌ಡಿಗಳು ಅತಿ ವೇಗದವು. ಆದರೆ 2014ಕ್ಕಿಂತ ಹಿಂದಿನ ಬಹುತೇಕ ಮದರ್‌ಬೋರ್ಡ್‌ಗಳಿಗೆ ಅವುಗಳಿಂದ ಚಾಲನೆ ಪಡೆಯುವ ವಿಧಾನ ತಿಳಿಯದು. ಅಡಾಪ್ಟರ್ ಕಾರ್ಡ್ ಮೂಲಕ ಪಿಸಿಐ ಎಕ್ಸ್‌ಪ್ರೆಸ್ ಕಿಂಡಿಯಲ್ಲಿ ಕೂರಿಸಿದರೆ ವಿಂಡೋಸ್ 10ರೊಳಗೆ ಡಿಸ್ಕ್ ಕಾಣಿಸುತ್ತದೆ, ಬಯೋಸ್ ಪಟ್ಟಿಯಲ್ಲಿ ಕಾಣಿಸುವುದಿಲ್ಲ.

ಲಿನಕ್ಸ್ ಬಳಸುವವರಿಗೆ ದಾರಿ ಸರಳ. ಚಿಕ್ಕ ಸಾಟಾ ಡಿಸ್ಕ್ ಅಥವಾ ಪೆನ್ ಡ್ರೈವ್‌ನಲ್ಲಿ ಗ್ರಬ್ ಬೂಟ್ ಲೋಡರ್ ಮತ್ತು ಬೂಟ್ ವಿಭಾಗವನ್ನು ಇರಿಸಿ, ಮೂಲ ವಿಭಾಗವನ್ನು ಎನ್‌ವಿಎಂಇ ಡಿಸ್ಕ್‌ನಲ್ಲಿ ಸ್ಥಾಪಿಸಬೇಕು. ಕರ್ನೆಲ್ ಮತ್ತು ಅದರ ಆರಂಭಿಕ ಡ್ರೈವರ್‌ಗಳ ಕಟ್ಟು ಬೂಟ್ ವಿಭಾಗದಲ್ಲೇ ಇರುವುದರಿಂದ ಮುಂದಿನದು ತಾನಾಗಿಯೇ ಸಾಗುತ್ತದೆ.

ವಿಂಡೋಸ್‌ಗೆ ಇಷ್ಟು ಸಾಲದು. ಅದರ ಬೂಟ್ ಕಡತಗಳನ್ನು ಬೇರೆ ಡಿಸ್ಕ್‌ನಲ್ಲಿಟ್ಟರೂ, ಕರ್ನೆಲ್ ಅನ್ನು ಓದಲು ಅದರ ಲೋಡರ್ ಬಯೋಸ್‌ನ ನೆರವನ್ನೇ ಕೇಳುತ್ತದೆ. ಹೀಗಾಗಿ ಪೆನ್ ಡ್ರೈವ್‌ನಲ್ಲಿ 'ಕ್ಲೋವರ್' ಎಂಬ ಬೂಟ್ ಲೋಡರ್ ಅನ್ನು ಎನ್‌ವಿಎಂಇ ಡ್ರೈವರ್‌ನೊಂದಿಗೆ ಇರಿಸಿ, ಮೊದಲು ಅದರಿಂದ ಚಾಲನೆ ನೀಡಬೇಕು. ಯುಇಎಫ್‌ಐ ಇಲ್ಲದ ಯಂತ್ರದಲ್ಲಿಯೂ ಇದು ಆ ಪರಿಸರವನ್ನು ಅನುಕರಿಸಿ ಒದಗಿಸುತ್ತದೆ. ಅಂತಹ ಯಂತ್ರದಲ್ಲಿ ವಿಂಡೋಸ್ ಸ್ಥಾಪನೆಯನ್ನೂ ಕ್ಲೋವರ್ ಮೂಲಕವೇ ಆರಂಭಿಸುವುದು ಅಗತ್ಯ.

ಗಮನಿಸಬೇಕಾದ ಅಂಶಗಳು

* ಖರೀದಿಗೆ ಮೊದಲು ಕಿಂಡಿಯನ್ನು ಪರೀಕ್ಷಿಸಬೇಕು. ಕೆಲವು ಲ್ಯಾಪ್‌ಟಾಪ್‌ಗಳ ಎಂ.2 ಕಿಂಡಿ ಸಾಟಾ ಎಸ್‌ಎಸ್‌ಡಿಗೆ ಮಾತ್ರ ಮೀಸಲು. ಅಲ್ಲಿ ಯಾವ ಬೂಟ್ ಲೋಡರ್ ಕೂಡ ಎನ್‌ವಿಎಂಇ ಡಿಸ್ಕ್ ನಡೆಸಲಾರದು.
* ವೇಗಕ್ಕಿಂತ ನೆಮ್ಮದಿ ಮುಖ್ಯವೆನಿಸಿದರೆ ಸಾಮಾನ್ಯ ಸಾಟಾ ಎಸ್‌ಎಸ್‌ಡಿ ಸಾಕು. ಸಾಟಾ ಕಿಂಡಿಯುಳ್ಳ ಹಳೆಯ ಯಂತ್ರಗಳು ಸಾಮಾನ್ಯವಾಗಿ ಅದನ್ನು ಗುರುತಿಸುತ್ತವೆ.
* ಬಯೋಸ್ ನವೀಕರಿಸುವಾಗ ಮಧ್ಯದಲ್ಲಿ ವಿದ್ಯುತ್ ಹೋದರೆ ಮದರ್‌ಬೋರ್ಡ್ ನಿರುಪಯುಕ್ತವಾಗುವ ಅಪಾಯವಿದೆ. ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು.
* ಚಾಲನೆಗೆ ನೆರವಾಗುವ ಪೆನ್ ಡ್ರೈವ್ ಕಳೆದರೆ ಅಥವಾ ಕೆಟ್ಟರೆ ಗಣಕ ಏಳುವುದಿಲ್ಲ. ಅದರ ಇನ್ನೊಂದು ಪ್ರತಿ ಕಪಾಟಿನಲ್ಲಿರಲಿ.

ಕಡತಗಳ ರಕ್ಷಣೆ

ಡಿಸ್ಕ್‌ನ ಬೆಲೆಗಿಂತ ಅದರೊಳಗಿನ ಕಡತಗಳ ಬೆಲೆ ದೊಡ್ಡದು. ಹಳೆಯ ನುಡಿ ಹಾಗೂ ಬರಹ ತಂತ್ರಾಂಶಗಳಲ್ಲಿ ಸಿದ್ಧಪಡಿಸಿದ ಎಷ್ಟೋ ಕಡತಗಳು ಯುನಿಕೋಡ್‌ನಲ್ಲಿ ಇಲ್ಲ. ಆಯಾ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಾಗದ ರೋಮನ್ ಅಕ್ಷರಗಳ ಸಾಲು ಕಾಣಿಸುತ್ತದೆ. ಹೀಗಾಗಿ ಕಡತಗಳ ಜೊತೆ ಅಕ್ಷರಶೈಲಿಗಳನ್ನೂ ನಕಲು ಮಾಡಿಕೊಳ್ಳುವುದು, ಸಾಧ್ಯವಾದಾಗ ಯುನಿಕೋಡ್‌ಗೆ ಪರಿವರ್ತಿಸುವುದು ಒಳಿತು. ಹೊಸ ಡಿಸ್ಕ್‌ನಿಂದ ಗಣಕ ಹಲವು ಬಾರಿ ಸರಿಯಾಗಿ ಆರಂಭವಾಗಿ, ಒಂದೆರಡು ಹಳೆಯ ಕಡತಗಳನ್ನು ತೆರೆದು ಓದಿ ನೋಡುವವರೆಗೆ ಹಳೆಯ ಡಿಸ್ಕ್ ಅನ್ನು ಅಳಿಸಬಾರದು. ಚಾಲನೆಯ ತೊಡಕಿಗೆ ಪರಿಹಾರವುಂಟು; ಅಳಿಸಿಹೋದ ದಾಖಲೆ ಮರಳಿ ಸಿಗುವ ಭರವಸೆ ಇಲ್ಲ.