ಭಟ್ಕಳದ ಆಂಗ್ಲ ಸಮಾಧಿಗಳು: ಶಿಲಾಲೇಖ ಮತ್ತು ಐತಿಹ್ಯ

ಉತ್ತರ ಕನ್ನಡದ ಕರಾವಳಿಯಲ್ಲಿ ಆಂಗ್ಲರ ಆರಂಭಕಾಲದ ನೆಲೆಗೆ ಭಟ್ಕಳದ ಸಮಾಧಿಶಿಲೆಗಳು ಸಾಕ್ಷಿಯಾಗಿವೆ. 1637ರಲ್ಲಿ ಕೋರ್ಟೀನ್ ಸಂಘದ ಕ್ಯಾಪ್ಟನ್ ವೆಡೆಲ್‌ನ ಹಡಗುಗಳು ಇಲ್ಲಿಗೆ ಬಂದವು. ಇಕ್ಕೇರಿಯ ವೀರಭದ್ರನಾಯಕನ ಅನುಮತಿ ಪಡೆದು ಕರಿಮೆಣಸಿನ ವ್ಯಾಪಾರಕ್ಕಾಗಿ ಕೋಠಿಯನ್ನು ತೆರೆಯಲಾಯಿತು. 1883ರ ಕೆನರಾ ಗೆಜೆಟಿಯರ್ ದಾಖಲಿಸಿರುವ ಮೂರು ಸಮಾಧಿಲೇಖಗಳು 1637 ಮತ್ತು 1638ಕ್ಕೆ ಸೇರಿದವು; ಮೃತರಲ್ಲಿ ಜಾರ್ಜ್ ವೈ ವರ್ತಕ, ವಿಲಿಯಂ ಬಾರ್ಟನ್ ಶಸ್ತ್ರವೈದ್ಯ.

ಕೋಠಿಯ ನಾಯಿಯೊಂದು ದೇವಾಲಯದ ಹಸುವನ್ನು ಕೊಂದುದರಿಂದ ರೊಚ್ಚಿಗೆದ್ದ ಜನರು 1670ರಲ್ಲಿ 18 ಆಂಗ್ಲರನ್ನು ಕೊಂದರೆಂದು ಅಲೆಗ್ಸಾಂಡರ್ ಹ್ಯಾಮಿಲ್ಟನ್ 1727ರ ತನ್ನ ಗ್ರಂಥದಲ್ಲಿ ಹೇಳುತ್ತಾನೆ. ಈ ಶಿಲೆಗಳು ಅದಕ್ಕಿಂತ ಮೂರು ದಶಕಗಳಷ್ಟು ಹಿಂದಿನವು. ಬೇರೆಬೇರೆ ದಿನಗಳಲ್ಲಿ ತೀರಿಕೊಂಡವರವು. ಆದುದರಿಂದ ಇವನ್ನು ಆ ಹತ್ಯೆಯ ಕಥನಕ್ಕೆ ಆಧಾರವಾಗಿಸುವುದು ಸಾಧುವಲ್ಲ. ಮೆಣಸನ್ನರಸಿ ಬಂದು ಈ ತೀರದಲ್ಲೇ ಮಣ್ಣಾದವರ ಲಿಖಿತ ದಾಖಲೆಗಳೆಂಬುದೇ ಇವುಗಳ ನಿಜವಾದ ಮಹತ್ತ್ವ.