ಆನೆಯ ನೆನಪು ಎಲ್ಲಿರುತ್ತದೆ?

ತುಟಿ ಬಿಚ್ಚದೆ ಮನಸ್ಸಿನಿಂದ ಮನಸ್ಸಿಗೆ ಸುದ್ದಿ ಮುಟ್ಟಿಸುವುದು, ಅಜ್ಜಿ ಕಂಡದ್ದನ್ನು ಮೊಮ್ಮಗು ಹುಟ್ಟುವಾಗಲೇ ಅರಿತಿರುವುದು, ಅಳಿದುಹೋದ ಪ್ರಾಣಿಗೆ ಮರಳಿ ಜೀವ ಬರಿಸುವುದು - ಈ ಮೂರೂ ಮನುಷ್ಯನ ಹಳೆಯ ಕನಸುಗಳು. ಪುರಾಣದಲ್ಲಿ ಇವಕ್ಕೆ ತಪಸ್ಸು ಬೇಕಿತ್ತು. ಈಗ ಪ್ರಯೋಗಶಾಲೆ ಸಾಕು ಎಂಬ ನಂಬಿಕೆ ಹುಟ್ಟಿದೆ. ಕುತೂಹಲದ ಸಂಗತಿಯೆಂದರೆ, ಈ ಮೂರು ಕನಸುಗಳೂ ಒಂದೇ ಪ್ರಾಣಿಯ ಬಳಿ ಬಂದು ಸೇರುತ್ತವೆ. ಅದು ಆನೆ. ಅದರ ಕತೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಚಾಮರಾಜನಗರದ ಸೀಮೆಯಲ್ಲಿ.

ಉಮ್ಮತ್ತೂರು ಇಂದು ಚಾಮರಾಜನಗರ ತಾಲ್ಲೂಕಿನ ಒಂದು ಊರು. ಅಲ್ಲಿನ ಕುರುಚಲು ಗುಡ್ಡಗಳಲ್ಲಿ ಕೃಷ್ಣಮೃಗಗಳಿವೆ. ಐನೂರು ವರ್ಷಗಳ ಹಿಂದೆ ಅದು ರಾಜಧಾನಿ. ಮೈಸೂರಿನ ಒಡೆಯರು ಇನ್ನೂ ಸಣ್ಣ ಪಾಳೆಯಗಾರರಾಗಿದ್ದ ಕಾಲದಲ್ಲಿ ಉಮ್ಮತ್ತೂರಿನ ಅರಸರು ವಿಜಯನಗರಕ್ಕೇ ಸವಾಲಾಗಿದ್ದರು. ಕೃಷ್ಣದೇವರಾಯ ಪಟ್ಟಕ್ಕೆ ಬಂದ ಕೆಲವೇ ವರ್ಷಗಳಲ್ಲಿ, 1512ರ ಸುಮಾರಿಗೆ, ಗಂಗರಾಜನನ್ನು ಸೋಲಿಸಿ ಶಿವನಸಮುದ್ರದ ಕೋಟೆಯನ್ನು ಹಿಡಿದ. ಆ ಕಾಲದಲ್ಲಿ ಅರಸೊತ್ತಿಗೆ ಎಂದರೆ ಆನೆ. ಆನೆಯಿಲ್ಲದ ದಂಡಿಗೆ ಬೆಲೆಯಿಲ್ಲ. ಉಮ್ಮತ್ತೂರಿನ ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟ, ದಕ್ಷಿಣಕ್ಕೆ ಗುಂಡ್ಲುಪೇಟೆಯಾಚೆ ಬಂಡೀಪುರದ ಕಾಡು. ಎರಡೂ ಆನೆಗಳ ತವರು.

ಕಾಡಾನೆ ಹಿಡಿಯುವ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಆನೆಗಳಿರುವ ಕಾಡುಗಳು ಯಾವುವು, ಅವುಗಳನ್ನು ಹಿಡಿಯುವ ಬಗೆ ಹೇಗೆ ಎಂಬ ವಿವರಗಳಿವೆ. ಆದರೆ ಇಡೀ ಹಿಂಡನ್ನೇ ಒಮ್ಮೆಗೆ ದೊಡ್ಡಿಗೆ ಕೂಡುವ ಖೆಡ್ಡಾ ಮೈಸೂರು ಸಂಸ್ಥಾನದಲ್ಲಿ ನೆಲೆಯೂರಿದ್ದು ಜಿ.ಪಿ. ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿಯಿಂದ. 1864ರಲ್ಲಿ ಮೈಸೂರಿಗೆ ಬಂದ ಈತನ ಕೆಲಸ ನೀರಾವರಿ ಕಾಲುವೆಗಳ ಉಸ್ತುವಾರಿ. ಮನಸ್ಸೆಲ್ಲ ಕಾಡಿನ ಮೇಲೆ. 1873ರಲ್ಲಿ ಮಾಡಿದ ಮೊದಲ ಪ್ರಯತ್ನ ಕೈಗೂಡಲಿಲ್ಲ. 1874ರ ಜೂನ್‌ನಲ್ಲಿ ಚಾಮರಾಜನಗರದ ಬಳಿ, ಹೊನ್ನುಹೊಳೆಯ ಸೀಮೆಯಲ್ಲಿ, ಐವತ್ತಕ್ಕೂ ಹೆಚ್ಚು ಆನೆಗಳು ಒಂದೇ ಸಲಕ್ಕೆ ಬಿದ್ದವು.

ಸ್ಯಾಂಡರ್ಸನ್‌ನ ಗೆಲುವಿನ ಗುಟ್ಟು ಬಂದೂಕಿನಲ್ಲಿರಲಿಲ್ಲ, ಆನೆಯ ದಾರಿಯಲ್ಲಿತ್ತು. ಹಿಂಡು ಮಳೆಗಾಲದಲ್ಲಿ ಎಲ್ಲಿ ಮೇಯುತ್ತದೆ, ಯಾವ ಕಡವಿನಲ್ಲಿ ಹೊಳೆ ದಾಟುತ್ತದೆ ಎಂಬುದು ಕಾಡಿನ ಜನಕ್ಕೆ ಗೊತ್ತಿತ್ತು. ಅಜ್ಜಿ ಆನೆ ನಡೆದ ಜಾಡಿನಲ್ಲೇ ಮೊಮ್ಮಗಳು ನಡೆಯುತ್ತದೆ. ಆ ಜಾಡಿನ ತುದಿಯಲ್ಲಿ ಕಂದಕ ತೋಡಿ ಬಾಗಿಲು ಇಟ್ಟರೆ ಆಯಿತು. ಹಿಂಡಿನ ನೆನಪೇ ಹಿಂಡಿಗೆ ಉರುಳಾಯಿತು. 1878ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಸ್ಯಾಂಡರ್ಸನ್, ಆನೆಯ ಬುದ್ಧಿಯನ್ನು ಜನ ಇದ್ದುದಕ್ಕಿಂತ ಹೆಚ್ಚಾಗಿ ಹೊಗಳುತ್ತಾರೆ, ಅದರ ದೊಡ್ಡ ಗುಣ ವಿಧೇಯತೆ ಮತ್ತು ತಾಳ್ಮೆ ಎಂಬ ಅಭಿಪ್ರಾಯ ಕೊಟ್ಟ. ಮುಂದಿನ ನೂರು ವರ್ಷಗಳ ಸಂಶೋಧನೆ ಈ ತೀರ್ಪನ್ನು ತಿದ್ದಿತು.

ಕೇಳಿಸದ ಮಾತು

ಕಾಡಿನಲ್ಲಿ ಆನೆಗಳನ್ನು ಬಹುಕಾಲ ನೋಡಿದವರಿಗೆಲ್ಲ ಒಂದು ಸೋಜಿಗ ಎದುರಾಗುತ್ತಿತ್ತು. ಚದುರಿ ಮೇಯುತ್ತಿದ್ದ ಹಿಂಡು ಯಾವ ಸದ್ದೂ ಇಲ್ಲದೆ ಒಮ್ಮೆಲೇ ನಿಶ್ಚಲವಾಗಿ ನಿಲ್ಲುತ್ತದೆ. ಒಮ್ಮೆಲೇ ಒಂದೇ ದಿಕ್ಕಿಗೆ ಹೊರಡುತ್ತದೆ. ಘೀಳಿಲ್ಲ, ಸನ್ನೆಯಿಲ್ಲ. ಆನೆಗಳಿಗೆ ಟೆಲಿಪತಿ ಇದೆ ಎಂದು ಹೇಳಿಬಿಡುವುದು ಸುಲಭವಾಗಿತ್ತು.

ಈ ಒಗಟಿನ ಎಳೆಯನ್ನು ಮೊದಲು ಹಿಡಿದವರು ಎಂ. ಕೃಷ್ಣನ್. 1940ರ ದಶಕದಲ್ಲಿ ಬಳ್ಳಾರಿ ಸೀಮೆಯ ಸಂಡೂರು ಸಂಸ್ಥಾನದಲ್ಲಿ ನೌಕರಿ ಮಾಡಿ, ಬಳಿಕ ಮದರಾಸಿನಲ್ಲಿ ನೆಲೆಸಿದ ಪ್ರಕೃತಿ ವೀಕ್ಷಕರು ಅವರು. ಮನುಷ್ಯನ ಕಿವಿಗೆ ನಿಲುಕದ ಧ್ವನಿ ಆನೆಗಳಲ್ಲಿದೆ ಎಂಬುದನ್ನು ಅವರು ಗುರುತಿಸಿದ್ದರು. ಯಂತ್ರದ ಸಾಕ್ಷ್ಯ ಬಂದದ್ದು ತಡವಾಗಿ. 1984ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಮೃಗಾಲಯದಲ್ಲಿ, ಏಷ್ಯಾದ ಆನೆಗಳ ಬಳಿ ನಿಂತಿದ್ದ ಕೇಟಿ ಪೇಯ್ನ್ ಎಂಬ ಸಂಶೋಧಕಿಗೆ ಗಾಳಿಯಲ್ಲಿ ಏನೋ ಅದುರಿದ ಅನುಭವವಾಯಿತು. ಧ್ವನಿಮುದ್ರಿಸಿ ಪರೀಕ್ಷಿಸಿದಾಗ ಸೆಕೆಂಡಿಗೆ 14ರಿಂದ 24 ಕಂಪನಗಳ ಕರೆಗಳು ಸಿಕ್ಕವು. ಸಾಮಾನ್ಯವಾಗಿ 20ಕ್ಕಿಂತ ಕೆಳಗಿನ ಕಂಪನ ನಮ್ಮ ಕಿವಿಗೆ ಕೇಳಿಸದು. 1986ರಲ್ಲಿ ಈ ಶೋಧ ಪ್ರಕಟವಾಯಿತು. ಬಳಿಕ ಆಫ್ರಿಕದ ನಮೀಬಿಯದಲ್ಲಿ ನಡೆದ ಪ್ರಯೋಗದಲ್ಲಿ ಎರಡು ಕಿಲೋಮೀಟರ್ ದೂರದಿಂದ ನುಡಿಸಿದ ಕರೆಗೂ ಆನೆಗಳು ಓಗೊಟ್ಟವು.

ಅಂದರೆ ಟೆಲಿಪತಿ ಅಲ್ಲ, ತಗ್ಗು ದನಿ. ಪವಾಡ ಕರಗಿತು ಎಂದು ಬೇಸರಪಡಬೇಕಿಲ್ಲ. ದಟ್ಟ ಕಾಡಿನಲ್ಲಿ ಕಣ್ಣಿಗೆ ಕಾಣದಷ್ಟು ದೂರವಿರುವ ಎರಡು ಹಿಂಡುಗಳು ಮಾತನಾಡಿಕೊಳ್ಳುತ್ತವೆ ಎಂಬುದು ಪವಾಡಕ್ಕಿಂತ ಕಡಿಮೆ ಬೆರಗಿನದಲ್ಲ.

ರಕ್ತದಲ್ಲೋ, ಜೊತೆಯಲ್ಲೋ?

ಎರಡನೆಯ ಪ್ರಶ್ನೆ ಇನ್ನೂ ಕಠಿಣ. ಹಿರಿಯರ ಅನುಭವ ರಕ್ತದ ಮೂಲಕ ಮಕ್ಕಳಿಗೆ ಇಳಿಯುತ್ತದೆಯೆ? ಗಳಿಸಿದ ಗುಣಗಳು ಸಂತತಿಗೆ ಸಾಗುತ್ತವೆ ಎಂದು ಫ್ರಾನ್ಸಿನ ಲಮಾರ್ಕ್ 1809ರಲ್ಲಿ ವಾದಿಸಿದ. ಆ ಶತಮಾನದ ಕೊನೆಗೆ ಜರ್ಮನಿಯ ವೈಸ್‌ಮನ್ ಇಲಿಗಳ ಬಾಲವನ್ನು ತಲೆಮಾರುಗಟ್ಟಲೆ ಕತ್ತರಿಸಿ ನೋಡಿದ. ಮರಿಗಳು ಬಾಲದೊಡನೆಯೇ ಹುಟ್ಟುತ್ತಿದ್ದವು. ವಾದ ಅಲ್ಲಿಗೆ ಮುಗಿಯಿತು ಎನ್ನುವಷ್ಟರಲ್ಲಿ, 2013ರಲ್ಲಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು ಅದನ್ನು ಮತ್ತೆ ತೆರೆದರು. ಒಂದು ವಾಸನೆ ತೋರಿಸಿ ಲಘುವಾಗಿ ವಿದ್ಯುತ್ ಆಘಾತ ಕೊಟ್ಟ ಗಂಡಿಲಿಗಳ ಮಕ್ಕಳು, ಮೊಮ್ಮಕ್ಕಳು ಅದೇ ವಾಸನೆಗೆ ಹೆಚ್ಚು ಬೆಚ್ಚುತ್ತಿದ್ದವು ಎಂದು ಅವರು ವರದಿ ಮಾಡಿದರು. ಆ ಬಗ್ಗೆ ಚರ್ಚೆ ಮುಗಿದಿಲ್ಲ. ಅದು ನಿಜವಾದರೂ ಅಲ್ಲಿ ಇಳಿದದ್ದು ಒಂದು ಬೆಚ್ಚುವಿಕೆ ಮಾತ್ರ. ಯಾವ ಕಣಿವೆಯಲ್ಲಿ ಬೇಸಿಗೆಗೂ ನೀರಿದೆ ಎಂಬಂಥ ತಿಳಿವಳಿಕೆಯಲ್ಲ.

ಆನೆಯ ಹಿಂಡಿನಲ್ಲಿ ಅಂಥ ತಿಳಿವಳಿಕೆ ಇರುವುದು ಯಜಮಾನಿಯ ತಲೆಯಲ್ಲಿ. 1993ರಲ್ಲಿ ಟಾಂಜಾನಿಯದ ತರಂಗಿರೆ ಉದ್ಯಾನದಲ್ಲಿ ಬರ ಬಿತ್ತು. ಹಿರಿಯ ಹೆಣ್ಣಾನೆಗಳಿದ್ದ ಗುಂಪುಗಳು ಉದ್ಯಾನ ಬಿಟ್ಟು ಹೊರಟವು. ಅವುಗಳ ಮರಿಗಳು ಹೆಚ್ಚು ಉಳಿದವು. ಅಂಥ ಹಿರಿಯರಿಲ್ಲದೆ ಉದ್ಯಾನದಲ್ಲೇ ನಿಂತ ಗುಂಪು ಹೆಚ್ಚು ಮರಿಗಳನ್ನು ಕಳೆದುಕೊಂಡಿತು. ಮೂವತ್ತು ವರ್ಷ ಹಿಂದಿನ ಬರವನ್ನು ಕಂಡ ಆನೆಗಳಿಗೆ ದಾರಿ ನೆನಪಿದ್ದಿರಬೇಕು ಎಂಬುದು ಸಂಶೋಧಕರ ವಿವರಣೆ.

ಹಿರಿಯರೇ ಇಲ್ಲದಿದ್ದರೆ ಏನಾಗುತ್ತದೆ? ಇದಕ್ಕೆ ದಕ್ಷಿಣ ಆಫ್ರಿಕದಲ್ಲಿ ಉತ್ತರ ಸಿಕ್ಕಿತು. ಕ್ರೂಗರ್ ಉದ್ಯಾನದಲ್ಲಿ ಆನೆಗಳ ಸಂಖ್ಯೆ ತಗ್ಗಿಸಲು ದೊಡ್ಡವನ್ನು ಕೊಂದು, ಅನಾಥ ಮರಿಗಳನ್ನು ಪಿಲಾನೆಸ್‌ಬರ್ಗ್ ಎಂಬ ಅಭಯಾರಣ್ಯಕ್ಕೆ ಸಾಗಿಸಿದ್ದರು. ಮರಿಗಳು ಬದುಕಿದವು, ಬೆಳೆದವು. 1992ರಿಂದ 97ರ ನಡುವೆ ಅವುಗಳಲ್ಲಿನ ಹರೆಯದ ಗಂಡುಗಳು ನಲವತ್ತಕ್ಕೂ ಹೆಚ್ಚು ಘೇಂಡಾಮೃಗಗಳನ್ನು ತಿವಿದು ಕೊಂದವು. 1998ರಲ್ಲಿ ಆರು ಹಿರಿಯ ಸಲಗಗಳನ್ನು ತಂದುಬಿಟ್ಟ ಮೇಲೆ ಈ ಹಾವಳಿ ನಿಂತಿತು. 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ, ಅಲ್ಲಿನ ಹೆಣ್ಣಾನೆಗಳಿಗೆ ಅಪರಿಚಿತ ಆನೆಗಳ ದನಿ ಕೇಳಿ ಹಿರಿಯದು ಯಾವುದು, ಕಿರಿಯದು ಯಾವುದು ಎಂದು ಗುರುತಿಸುವುದೂ ಸರಿಯಾಗಿ ಬರುತ್ತಿರಲಿಲ್ಲ. ರಕ್ತ ಆನೆಯದೇ. ಆದರೆ ಆನೆಯಾಗಿ ಬಾಳುವುದನ್ನು ಕಲಿಸುವವರು ಇರಲಿಲ್ಲ.

ಮ್ಯಾಮತ್‌ಗೆ ತಾಯಿ ಯಾರು?

ಈ ಪಾಠವನ್ನು ಮನಸ್ಸಿನಲ್ಲಿಟ್ಟು ಮೂರನೆಯ ಕನಸಿನತ್ತ ನೋಡಬೇಕು. ಹಿಮಯುಗದ ಮ್ಯಾಮತ್‌ಗಳಲ್ಲಿ ಕೊನೆಯವು ಸೈಬೀರಿಯದಾಚೆಯ ರ‍್ಯಾಂಗಲ್ ದ್ವೀಪದಲ್ಲಿ ಸುಮಾರು 4,000 ವರ್ಷಗಳ ಹಿಂದೆ ಅಳಿದವು. ಬದುಕಿರುವ ಪ್ರಾಣಿಗಳಲ್ಲಿ ಅವಕ್ಕೆ ಅತ್ಯಂತ ಹತ್ತಿರದ ನೆಂಟ ಆಫ್ರಿಕದ ಆನೆಯಲ್ಲ, ನಮ್ಮ ಕಾಡುಗಳಲ್ಲಿರುವ ಏಷ್ಯಾದ ಆನೆ. ಅದರ ಜೀವಕೋಶದ ವಂಶವಾಹಿಗಳನ್ನು ತಿದ್ದಿ, ದಟ್ಟ ಕೂದಲಿನ, ಚಳಿ ತಡೆಯುವ ಪ್ರಾಣಿಯನ್ನು ಹುಟ್ಟಿಸುವುದು 2021ರಲ್ಲಿ ಅಮೆರಿಕದಲ್ಲಿ ಆರಂಭವಾದ ಕೊಲಾಸಲ್ ಎಂಬ ಕಂಪೆನಿಯ ಉದ್ದೇಶ. 2024ರಲ್ಲಿ ಅದು ಏಷ್ಯಾದ ಆನೆಯ ಕೋಶಗಳನ್ನು ಮೂಲಕೋಶಗಳ ಸ್ಥಿತಿಗೆ ಮರಳಿಸಿದ್ದಾಗಿ ಹೇಳಿತು. 2025ರಲ್ಲಿ ಉದ್ದ ಕೂದಲಿನ ಇಲಿಗಳನ್ನು ತೋರಿಸಿತು. ಮ್ಯಾಮತ್‌ನಂಥ ಮರಿಗೆ ಅದು ಹಾಕಿಕೊಂಡಿರುವ ಗಡುವು 2028.

ಮರಿ ಹುಟ್ಟಿತೆಂದೇ ಇಟ್ಟುಕೊಳ್ಳೋಣ. ಸುಮಾರು 22 ತಿಂಗಳು ಹೊತ್ತ ತಾಯಿ ಏಷ್ಯಾದ ಆನೆಯಾದರೆ, ಅದು ಹಿಮದ ಬಯಲನ್ನು ಕಂಡದ್ದಲ್ಲ. ಯಾವ ತಿಂಗಳಿನಲ್ಲಿ ಎತ್ತ ವಲಸೆ ಹೋಗಬೇಕು, ಹಿಮದಡಿಯ ಹುಲ್ಲನ್ನು ಹೇಗೆ ಕೆದಕಬೇಕು ಎಂದು ಮರಿಗೆ ತೋರಿಸುವ ಅಜ್ಜಿ ಎಲ್ಲಿಯೂ ಇಲ್ಲ. ಮ್ಯಾಮತ್‌ನ ಕೂದಲು ಮರಳಿ ಬಂದೀತು, ಮ್ಯಾಮತ್‌ಗಳ ತಿಳಿವಳಿಕೆ ಬಾರದು. ಎಲುಬಿನಲ್ಲಿ ಅದು ಉಳಿಯುವುದಿಲ್ಲ.

ಇದ್ದುದನ್ನು ಉಳಿಸುವ ಲೆಕ್ಕ

ಹಾಗಾದರೆ ಜೀವಂತವಾಗಿರುವ ನೆನಪಿನ ಗತಿಯೇನು? 2023ರ ಗಣತಿಯ ಅಂದಾಜಿನಂತೆ ಕರ್ನಾಟಕದಲ್ಲಿ 6,395 ಆನೆಗಳಿದ್ದವು. ಸಂಖ್ಯೆ ಸಮಾಧಾನ ಕೊಡುತ್ತದೆ. ಆದರೆ ಹಿಂಡಿನ ನೆನಪು ದಾರಿಗೆ ಅಂಟಿಕೊಂಡದ್ದು. ಪುಣಜನೂರಿನ ಬಳಿ ಬಿಳಿಗಿರಿರಂಗನ ಬೆಟ್ಟದಿಂದ ತಮಿಳುನಾಡಿನ ತಾಳಮಲೆಯತ್ತ, ಎಡೆಯಾರಹಳ್ಳಿ-ದೊಡ್ಡಸಂಪಿಗೆಯ ಬಳಿ ಮಲೆ ಮಹದೇಶ್ವರ ಬೆಟ್ಟದ ಕಾಡಿನತ್ತ ಆನೆಗಳು ದಾಟುವ ಕಿರಿದಾದ ಪಟ್ಟಿಗಳಿವೆ. ಹೊಲ, ರಸ್ತೆ, ಊರುಗಳ ನಡುವೆ ಇವು ಇಕ್ಕಟ್ಟಾಗಿವೆ.

ಇಕ್ಕಟ್ಟಿನ ಬಾಧೆ ಆನೆಗೊಂದಕ್ಕೇ ಅಲ್ಲ. 1980ರ ದಶಕದ ಆರಂಭದಲ್ಲಿ ಇದೇ ಸೀಮೆಯಲ್ಲಿ ಆನೆಗಳ ಬೆನ್ನು ಹತ್ತಿದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್, ಹೊಲಕ್ಕೆ ನುಗ್ಗುವುದರಲ್ಲಿ ಹೆಣ್ಣಾನೆಗಳ ಹಿಂಡಿಗಿಂತ ವಯಸ್ಕ ಸಲಗಗಳ ಪಾಲು ಹೆಚ್ಚು ಎಂದು ತೋರಿಸಿದರು. ಹೊಲದ ದಾರಿಯೂ ಕಲಿತದ್ದೇ. ಒಮ್ಮೆ ರಾಗಿಯ ರುಚಿ ಕಂಡದ್ದು ಮರೆಯುವುದಿಲ್ಲ. ರಾತ್ರಿಯಿಡೀ ಅಟ್ಟಣೆಯ ಮೇಲೆ ಕೂತು ಬೆಳೆ ಕಾಯುವ ರೈತನಿಗೆ ಆನೆಯ ನೆನಪಿನ ಹೊಗಳಿಕೆ ಅಣಕದಂತೆ ಕೇಳಿದರೆ ಆಶ್ಚರ್ಯವಿಲ್ಲ. ಅವನ ನಷ್ಟವನ್ನು ಲೆಕ್ಕಕ್ಕೆ ಹಿಡಿಯದ ಯಾವ ಯೋಜನೆಯೂ ಬಾಳದು.

ದಾರಿಗಳಿಲ್ಲವೆಂದಲ್ಲ. ಗುಂಡ್ಲುಪೇಟೆಯಿಂದ ಬಂಡೀಪುರದ ಮೂಲಕ ಕೇರಳಕ್ಕೂ ಊಟಿಗೂ ಹೋಗುವ ಹೆದ್ದಾರಿಗಳಲ್ಲಿ ರಾತ್ರಿ ಸಂಚಾರವನ್ನು 2009ರಲ್ಲಿ ನಿಷೇಧಿಸಲಾಯಿತು. ಎಡೆಯಾರಹಳ್ಳಿಯ ಬಳಿ ಒಂದು ಸ್ವಯಂಸೇವಾ ಸಂಸ್ಥೆ ರೈತರಿಂದ ಜಮೀನನ್ನು ಹಣ ಕೊಟ್ಟು ಕೊಂಡು ಆನೆ ದಾಟಲು ಬಿಟ್ಟುಕೊಟ್ಟಿತು. ಮ್ಯಾಮತ್‌ನ ಯೋಜನೆಗೆ ಹೋಲಿಸಿದರೆ ಇವು ಸಪ್ಪೆ ಕೆಲಸಗಳು. ಆದರೆ ಆ ಪಟ್ಟಿಯಲ್ಲಿ ಅಜ್ಜಿಯ ಹಿಂದೆ ಮರಿಯೊಂದು ಒಂದು ಸಲ ನಡೆದರೆ ಸಾಕು, ದಾರಿ ಇನ್ನೊಂದು ಅರವತ್ತು ವರ್ಷ ಬದುಕುತ್ತದೆ. ಮುಚ್ಚಿಹೋದರೆ ಅದನ್ನು ತಿಳಿದ ಕೊನೆಯ ಆನೆಯೊಂದಿಗೆ ಅದೂ ಹೋಗುತ್ತದೆ. ಆಗ ಯಾವ ಪ್ರಯೋಗಶಾಲೆಯೂ ಅದನ್ನು ತಂದುಕೊಡಲಾರದು.